ಬೆಳಕಿನ ಮೇಲೆ ಕಟ್ಟಿದ ಟಗರು

ಬೆಳಕಿಗೆ ಓಡಾಡಲು ನಡುವೆ ಏನೂ ಬೇಕಿಲ್ಲ ಎಂದು ಹುಮೇರಾ ಗಟ್ಟಿಯಾಗಿ ಓದಿದ್ದೇ ಎಡವಟ್ಟಾಯಿತು. ಹಿರಿಯೂರಿನಲ್ಲಿ ಅವಳ ತಂದೆ ರಹಮತ್ ಉಲ್ಲಾನ ಕನ್ನಡಿ ಅಂಗಡಿ. ಅಲ್ಲೇ ಕೂತು ಅವಳು ಎಂಎಸ್ಸಿ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಳು. ಬೈಕಿನ ಒಡೆದ ಕನ್ನಡಿಗೆ ಗಾಜು ಹಾಕಿಸಲು ಯಲ್ಲದಕೆರೆ ಕಡೆಯ ಹಟ್ಟಿಯಿಂದ ಬಂದಿದ್ದ ಕುರಿ ಕಾಯುವ ಕಾಟಯ್ಯನ ಕಿವಿಗೆ ಅದು ಬಿತ್ತು.

“ಬೆಳಕು ಅಲೆ ಅಂತೀಯ. ಅಲೆಗೆ ಏನೂ ಬ್ಯಾಡ ಅಂತೀಯ. ನೀರಿಲ್ದ ಕೆರ್ಯಾಗೆ ಅಲೆ ಏಳ್ತೈತೇನವ್ವ?”

ಯುರೋಪಿನ ದೊಡ್ಡ ತಲೆಗಳೂ ಇದೇ ಪ್ರಶ್ನೆ ಹಿಡಿದು ಕೂತು, ಕೊನೆಗೆ ಜಗತ್ತಿನ ತುಂಬ ಈಥರ್ ಎಂಬ ಕಾಣದ ವಸ್ತುವನ್ನು ತುಂಬಿಬಿಟ್ಟಿದ್ದವು. ಕಾಟಯ್ಯನಿಗೆ ಅವರ ಪರಿಚಯವಿರಲಿಲ್ಲ, ಕೆರೆಗಳ ಪರಿಚಯವಿತ್ತು.

“ಈಥರ್ ಐತೆ ಅಂತ ಹುಡುಕಿದ್ರು ಅಜ್ಜ. ಸಿಗ್ಲಿಲ್ಲ.”

“ನೀನು ನೋಡ್ದೇನು?”

“ಪುಸ್ತಕದಾಗೆ ಐತೆ.”

“ಪುಸ್ತಕದಾಗೆ ನಮ್ ಹಟ್ಟಿ ಇಲ್ಲ. ಹಂಗಂತ ನಾನೂ ಇಲ್ವೇನು?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹುಮೇರಾಗೆ ನಗು ಬರಲಿಲ್ಲ. ನಿಜವೇ, ಅವಳು ನೋಡಿರಲಿಲ್ಲ. ಮಗಳ ಮುಖ ಕಂಡು ರಹಮತ್ ಉಲ್ಲಾನ ರಕ್ತ ಬಿಸಿಯಾಯಿತು.

“ನನ್ ಮಗಳು ಮಾಡಿ ತೋರಿಸ್ತಾಳೆ, ಕಾಟಯ್ಯ. ಕಟ್ಟು ಬಾಜಿ!”

“ನಾನು ಗೆದ್ರೆ ಆ ಆಳೆತ್ತರದ ಕನ್ನಡಿ ಕೊಡ್ರಿ ಸಾಬ್ರೆ.”

“ಸೋತ್ರೆ ಕೆಂದ ನಂದು.”

ಕೆಂದ ಎಂದರೆ ಕಾಟಯ್ಯನ ಕೆಂಪು ಟಗರು. ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದ. ಹಿಂಡೆಲ್ಲ ಅದರ ಹಿಂದೆಯೇ ನಡೆಯುತ್ತಿತ್ತು. ಪ್ರತಿ ಬಕ್ರೀದಿಗೂ ರಹಮತ್ ಉಲ್ಲಾಗೆ ಕುರಿ ಮಾರುತ್ತಿದ್ದವನು ಕೆಂದನ ಮಾತೆತ್ತಿದರೆ ಮಾತ್ರ ಕಿವುಡನಾಗುತ್ತಿದ್ದ. ಆದರೆ ಈಗ ಜನ ನೋಡುತ್ತಿದ್ದರು. ಮನುಷ್ಯ ಮಾಡುವ ಹುಚ್ಚು ಕೆಲಸಗಳಲ್ಲಿ ಅರ್ಧಕ್ಕೆ ಪ್ರೇಕ್ಷಕರೇ ಕಾರಣ.

“ಆಗ್ಲಿ ಬಿಡ್ರಿ,” ಎಂದ ಕಾಟಯ್ಯ. ಧ್ವನಿ ಸ್ವಲ್ಪ ಇಳಿದಿತ್ತು.

ಹುಮೇರಾ ಅವನಿಗೆ ಉಪಾಯ ವಿವರಿಸಿದಳು. “ಭೂಮಿ ಈಥರಿನೊಳಗೆ ಓಡ್ತಾ ಐತೆ ಅಂದ್ರೆ ನಮಗೆ ಎದುರುಗಾಳಿ ಬೀಸ್ದಂಗೆ, ಹೌದಾ? ಒಬ್ಬ ಎದುರುಗಾಳೀಲಿ ಸೈಕಲ್ ತುಳ್ಕೊಂಡು ಹೋಗಿ ವಾಪಸ್ ಬರ್ತಾನೆ. ಇನ್ನೊಬ್ಬ ಅಷ್ಟೇ ದೂರ ಅಡ್ಡಗಾಳೀಲಿ ಹೋಗಿ ಬರ್ತಾನೆ. ಒಟ್ಟಿಗೆ ಬರ್ತಾರಾ?”

“ಎಲ್ಲಿ ಬಂದಾರು! ಎದುರುಗಾಳಿಯೋನು ಸತ್ತ.”

“ಬೆಳಕನ್ನ ಹಂಗೇ ಎರಡು ದಾರೀಲಿ ಓಡಿಸ್ತೀನಿ. ವಾಪಸ್ ಬಂದು ಸೇರಿದಾಗ ಪರದೆ ಮೇಲೆ ಪಟ್ಟೆ ಬೀಳ್ತಾವೆ. ಇದನ್ನೆಲ್ಲ ಒಂದು ಕಲ್ಲಿನ ಮೇಲೆ ಜೋಡಿಸಿ, ಆ ಕಲ್ಲು ತಿರುಗಿಸಿದ್ರೆ ದಾರಿಗಳು ಅದಲುಬದಲು. ಗಾಳಿ ಇದ್ರೆ ಪಟ್ಟೆ ಜರುಗಬೇಕು.”

“ಜರುಗ್ತಾವೆ,” ಎಂದ ಕಾಟಯ್ಯ, ಕೆಂದನ ಪರವಾಗಿ.

ಅಂಗಡಿಯಲ್ಲೇ ಅಗಲವಾದ ಕಲ್ಲುಚಪ್ಪಡಿಯ ಮೇಲೆ ಕಾಲೇಜಿನಿಂದ ತಂದ ಲೇಸರ್ ಕೂತಿತು. ಬೆಳಕನ್ನು ಎರಡಾಗಿ ಸೀಳುವ ಗಾಜು ಬಂತು, ಬೆಳಕು ಹೋಗಿ ಬಂದು ಹೋಗಿ ಬಂದು ದಾರಿ ಉದ್ದವಾಗುವಂತೆ ಕನ್ನಡಿಗಳು ಎದುರುಬದುರು ನಿಂತವು. ಪಟ್ಟೆಗಳೂ ಮೂಡಿದವು. ಆದರೆ ಹೆದ್ದಾರಿಯಲ್ಲಿ ಲಾರಿ ಹೋದಾಗಲೆಲ್ಲ ಕುಣಿದವು.

“ಅಗೋ, ಬಂತು ಈಥರು!” ಎಂದು ಕಾಟಯ್ಯ ಎದ್ದು ನಿಂತ.

“ಅದು ಸಿಮೆಂಟ್ ಲಾರಿ, ಕುಂತ್ಕ,” ಎಂದ ರಹಮತ್ ಉಲ್ಲಾ.

ಲಾರಿಯಿಲ್ಲದ ಜಾಗ ಬೇಕಿತ್ತು. ಕಾಟಯ್ಯನ ಹಟ್ಟಿಯೇ ಸರಿ ಎಂದಾಯಿತು. ಮರುದಿನ ಬೆಳಗಾಗುತ್ತಿದ್ದಂತೆ ಎಲ್ಲ ಲಗೇಜ್ ಆಟೋದಲ್ಲಿ ಅಲ್ಲಿಗೆ ಹೋಯಿತು. ರಹಮತ್ ಉಲ್ಲಾನ ತಾಯಿ ಖಾತುನ್ ಬೀ ಕೂಡ, ಟಗರು ನೋಡಬೇಕೆಂದು, ಮುಂದಿನ ಸೀಟಿನಲ್ಲಿ ಬಂದರು. ಕುರಿಗಳು ನೀರು ಕುಡಿಯುವ ತೊಟ್ಟಿಯಲ್ಲಿ ಲಾರಿಯ ಟ್ಯೂಬು ತೇಲಿಬಿಟ್ಟು, ಅದರ ಮೇಲೆ ಚಪ್ಪಡಿ ಇಟ್ಟರು. ಬೆರಳಲ್ಲಿ ಮುಟ್ಟಿದರೆ ನಿಧಾನವಾಗಿ ತಿರುಗುವ ಕಲ್ಲು. ಪಟ್ಟೆಗಳು ಮಾತ್ರ ಈಗಲೂ ನಡುಗುತ್ತಿದ್ದವು. ಹಿಂಡು ಗೊರಸು ಬಡಿಯುತ್ತಿತ್ತು.

“ಗಂಗಿ, ಕುರಿ ಹಿಡ್ಕಳೇ!” ಎಂದ ಕಾಟಯ್ಯ.

“ಇಷ್ಟೂ ಕುರಿ ಎಲ್ಲಿ ಹಿಡೀಲಿ? ಕೆಂದ ಮಲಗಿದ್ರೆ ಎಲ್ಲವೂ ಮಲಗ್ತಾವೆ,” ಎಂದಳು ಅವನ ಹೆಂಡತಿ ಗಂಗಕ್ಕ.

ತನ್ನ ತಲೆಯ ಮೇಲಿನ ಬಾಜಿಗೆ ತಾನೇ ಸಹಕರಿಸಬೇಕಾದ ಟಗರು ಜಗತ್ತಿನಲ್ಲಿ ಬಹುಶಃ ಇದೊಂದೇ. ಕಾಟಯ್ಯ ಅದರ ಕತ್ತು ಸವರಿದ. ಕೆಂದ ಮೊಣಕಾಲೂರಿ ಮಲಗಿತು. ಹಿಂಡಿನ ಕುರಿಗಳೂ ಒಂದೊಂದಾಗಿ ಮಲಗಿದವು.

ಪಟ್ಟೆಗಳು ನಿಂತವು.

ಹುಮೇರಾ ಕಲ್ಲನ್ನು ತಿರುಗಿಸಿದಳು. “ಈಥರ್ ಇದ್ರೆ ಒಂದು ಪಟ್ಟೆಯ ಮೂರನೇ ಒಂದು ಪಾಲಿನಷ್ಟಾದ್ರೂ ಜರುಗಬೇಕು.” ಎಲ್ಲರೂ ಪರದೆಯಾಗಿ ನಿಲ್ಲಿಸಿದ್ದ ಬಿಳಿ ಹಾಳೆಯ ಮೇಲೆ ಬಗ್ಗಿದರು. ಕಲ್ಲು ಮೂಡಣಕ್ಕೆ ಬೆನ್ನು ಮಾಡಿತು. ಪಟ್ಟೆಗಳು ಹುಮೇರಾ ಹಾಕಿದ್ದ ಪೆನ್ಸಿಲ್ ಗುರುತಿನ ಮೇಲೆ ಕೂತಿದ್ದಲ್ಲೇ ಕೂತಿದ್ದವು. ಇನ್ನೊಂದು ಸುತ್ತು. ಮತ್ತೊಂದು. ಉಸಿರು ಕಟ್ಟಿ ಏನೂ ಆಗದ್ದನ್ನು ಇಷ್ಟು ಆಸಕ್ತಿಯಿಂದ ಜನ ನೋಡಿದ್ದು ಆ ಹೋಬಳಿಯಲ್ಲಿ ಅದೇ ಮೊದಲಿರಬೇಕು.

“ಇಲ್ಲ! ಜರುಗ್ಲಿಲ್ಲ! ಅಬ್ಬಾ, ನೋಡಿ, ನಾನೇ ನೋಡ್ದೆ!” ಹುಮೇರಾ ಕುಣಿದಾಡಿದಳು. ಕಣ್ಣಲ್ಲಿ ನೀರು.

ಕಾಟಯ್ಯ ಕೈ ಅಡ್ಡ ಚಾಚಿದ. “ತಡಿಯವ್ವ. ಇದು ತಗ್ಗು. ಇಲ್ಲಿಗೆ ಗಾಳಿ ಎಲ್ಲಿ ಇಳೀತೈತೆ? ಗುಡ್ಡದ ಮೇಲೆ ನೋಡಾಣ.”

“ಅಜ್ಜ! ಅಮೆರಿಕಾದಾಗೂ ಹಿಂಗೇ ಅಂದು ಬೆಟ್ಟ ಹತ್ತಿದ್ರು!”

ಕಾಟಯ್ಯನಿಗೆ ಉತ್ತೇಜನ ಸಿಕ್ಕಿತು. “ಮತ್ತೆ, ಎದುರುಗಾಳಿಗೆ ಕುರಿ ಮೈ ಮುದುಡ್ಕಂತಾವೆ. ಕಲ್ಲೂ ಅಷ್ಟು ಮುದುಡಿ ದಾರಿ ಗಿಡ್ಡ ಆಗಿದ್ರೆ? ಲೆಕ್ಕ ಸರಿಹೋಗಲ್ವಾ?”

ಹುಮೇರಾ ಅವನ ಕೈ ಹಿಡಿದು ಕಿರುಚಿದಳು. “ಇದನ್ನೂ ಅಂದಿದ್ರು! ಹಾಲೆಂಡಿನ ಬಹಳ ದೊಡ್ಡೋರು!”

“ಅವ್ರೂ ಟಗರು ಕಟ್ಟಿದ್ರಾ?”

ಕಾಟಯ್ಯ ಕೆಂದನ ಕತ್ತಿಗೆ ಹಗ್ಗ ಕಟ್ಟಿ, ಅದರ ತುದಿಯನ್ನು ರಹಮತ್ ಉಲ್ಲಾನ ಮುಂದೆ ಚಾಚಿದ. “ಮಾತು ಅಂದ್ರೆ ಮಾತು. ಹಿಡ್ಕಳ್ರಿ ಸಾಬ್ರೆ.”

ರಹಮತ್ ಉಲ್ಲಾ ಕೈ ನೀಡಿದ.

“ರಹಮತ್!” ಎಂದರು ಖಾತುನ್ ಬೀ, ಆಟೋದೊಳಗಿಂದಲೇ. “ಬಾಜೀಲಿ ಗೆದ್ದಿದ್ದು ಹರಾಮು. ಅದನ್ನ ಕುರ್ಬಾನಿಗೆ ಕೊಡ್ತೀಯೇನೋ? ಗಡ್ಡ ಬೆಳ್ಳಗಾದ್ರೂ ಬುದ್ಧಿ ಬರ್ಲಿಲ್ವಾ?”

ನೀಡಿದ ಕೈ ನಡುವೆಯೇ ನಿಂತಿತು. ಮಗಳ ಅಭಿಮಾನದಲ್ಲಿ ಅವನಿಗೆ ಇದು ಹೊಳೆದೇ ಇರಲಿಲ್ಲ. “ಹಂಗಾದ್ರೆ ದುಡ್ಡು ಕೊಟ್ಟೇ ತಗಂತೀನಿ, ಕಾಟಯ್ಯ.”

“ಸೋತೀನಿ, ಕೊಡ್ತೀನಿ. ಮಾರು ಅಂದ್ರೆ ಮಾರಲ್ಲ.”

“ಕೊಟ್ರೆ ನಾನು ತಗಳಂಗಿಲ್ಲ.”

“ತಗಳ್ದಿದ್ರೆ ನಾನು ವಾಪಸ್ ಇಟ್ಕಳಂಗಿಲ್ಲ. ಜನರ ಮುಂದೆ ಮಾತು ಕೊಟ್ಟೀನಿ.”

ಇಬ್ಬರೂ ಮರ್ಯಾದಸ್ಥರು. ಅಂಥವರ ನಡುವೆ ವ್ಯವಹಾರ ಮುಗಿಯುವುದು ಕಷ್ಟ.

“ಮುಗೀತೇನ್ರಪ್ಪ ನಿಮ್ ಬೆಳಕು?” ಗಂಗಕ್ಕ ರೇಗಿದಳು. “ಬಿಸಿಲೇರ್ತು, ಕುರಿ ಹಸ್ದಾವೆ. ಟಗರು ಯಾರ್ದಾದ್ರೂ ಆಗ್ಲಿ, ಮುಂದಕ್ಕೆ ಬಿಡ್ರಿ!”

ರಹಮತ್ ಉಲ್ಲಾ ಬಗ್ಗಿ ಕೆಂದನ ಕತ್ತಿನ ಹಗ್ಗ ತಾನೇ ಬಿಚ್ಚಿದ. “ನಂದೇ ಅಂತ ಇಟ್ಕ. ನೀನು ಮೇಯಿಸು. ನನಗೆ ಬೇಕಾದಾಗ ಕೇಳ್ತೀನಿ.”

“ಯಾವಾಗ ಕೇಳ್ತೀರಿ?”

“ಈಥರ್ ಸಿಕ್ಕಾಗ.”

ಕಾಟಯ್ಯ ಅವನನ್ನೇ ದಿಟ್ಟಿಸಿ ನೋಡಿದ. ಆಮೇಲೆ ಹುಮೇರಾ ಕಡೆ ತಿರುಗಿ, ಆತುರಾತುರವಾಗಿ, “ಗುಡ್ಡದ ಮೇಲೂ ಈಥರ್ ಸಿಗಲ್ಲ ಅಲ್ವೇನವ್ವ, ಖಾತ್ರಿ ತಾನೇ?” ಎಂದು ಕೇಳಿದ.