ಎಡ ಹಿಂಗಾಲಿನ ಕಮಾನು

ನಾನು ಒಂದು ಕಮಾನು ಪಟ್ಟಿ. ಹಾಗೆಂದರೆ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ, ಅದೇ ನನ್ನ ಮೊದಲ ದೂರು. ಜೀಪಿನ ಹಾರ್ನು ಯಾವುದು ಎಂದರೆ ಎಳೆಮಗುವೂ ತೋರಿಸುತ್ತದೆ. ನಾನಿದ್ದದ್ದು ಹಿಂದಿನ ಎಡಚಕ್ರದ ಬಳಿ, ಚಾಸಿ ಎಂಬ ಉಕ್ಕಿನ ಚೌಕಟ್ಟಿನ ಅಡಿಯಲ್ಲಿ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಯಾಗಿ. ನನ್ನ ಕೆಳಗೆ ಒಬ್ಬನಿಗಿಂತ ಒಬ್ಬ ಗಿಡ್ಡನಾದ ಎಂಟು ಜನ ತಮ್ಮಂದಿರು. ನಾವೆಲ್ಲ ಸೇರಿದರೆ ಒಂದು ಕಮಾನು. ತಮ್ಮಂದಿರಿಗಿಲ್ಲದ್ದು ನನಗೊಂದಿತ್ತು: ಎರಡೂ ತುದಿಯಲ್ಲಿ ಬೋಲ್ಟು ತೂರಲು ಬಳೆಯಂತೆ ಸುತ್ತಿದ ಕಿವಿ. ಆ ಜಂಬ ನನಗೆ ಇನ್ನೂ ಹೋಗಿಲ್ಲ.

ನಾನು ಹುಟ್ಟಿದ್ದು ಕಾರ್ಖಾನೆಯ ಕುಲುಮೆಯಲ್ಲಿ. ಕೆಂಪಗೆ ಕಾಯಿಸಿ, ಬಗ್ಗಿಸಿ, ಎಣ್ಣೆಯ ತೊಟ್ಟಿಗೆ ಅದ್ದಿದರು. ಎಷ್ಟು ಅದುಮಿದರೂ ಮತ್ತೆ ಎದ್ದು ನಿಲ್ಲಬೇಕೆಂಬ ಹಟ ನನಗೆ ಬಂದದ್ದು ಆ ತೊಟ್ಟಿಯಲ್ಲೇ. ಮೊದಲ ಹತ್ತು ವರ್ಷ ಒಂದು ಸರ್ಕಾರಿ ಕಚೇರಿಯ ಜೀಪನ್ನು ಹೊತ್ತೆ. ಟಾರು ರಸ್ತೆ, ಒಬ್ಬ ಸಾಹೇಬರು, ಒಂದಷ್ಟು ಫೈಲು. ಅದನ್ನು ಹೊರೆ ಎಂದರೆ ನನಗೇ ನಾಚಿಕೆ. ಆಮೇಲೆ ಜೀಪು ಹರಾಜಾಯಿತು. ಹಿಡಿದವನು ಹಾಲುಬಾರೆಯ ಕಾರಯ್ಯ.

ಹಾಲುಬಾರೆ ಮಾದಪ್ಪನ ಬೆಟ್ಟದ ಕಾಡಿನೊಳಗಿನ ಊರು. ಅಲ್ಲಿಂದ ದೇವಸ್ಥಾನಕ್ಕೆ ಏಳು ಮೈಲಿ, ದಾರಿ ಎಂಬುದು ಬರೀ ಬಂಡೆ. ಹದಿನಾಲ್ಕು ಜನ, ಅವರ ರಾಗಿ ಮೂಟೆ, ಮೂಟೆಯ ಮೇಲೊಂದು ಮೇಕೆ, ಎಲ್ಲವೂ ನನ್ನ ಬೆನ್ನಿನ ಮೇಲೆ. ಏರು ಬಂದಾಗ ಒಳಗಿದ್ದವರು "ಉಘೇ ಮಾದಪ್ಪಾ" ಎಂದು ಕೂಗುತ್ತಿದ್ದರು. ಏರು ಮುಗಿದ ಮೇಲೆ ಇಂಜಿನ್ನಿನ ಮೂತಿ ತಟ್ಟಿ, "ಭಲೇ, ಗಟ್ಟಿ ಜೀವ" ಎನ್ನುತ್ತಿದ್ದರು. ಬೆನ್ನು ಬಗ್ಗಿಸಿದವನು ನಾನು, ಹೊಗಳಿಕೆ ಹೊಗೆ ಬಿಟ್ಟವನಿಗೆ! ನನ್ನ ಹೊಟ್ಟೆ ಉರಿಯುತ್ತಿತ್ತು.

ಆಯುಧಪೂಜೆಯ ದಿನವಂತೂ ಕೇಳಲೇಬೇಡಿ. ಹೂವಿನ ಹಾರ ಬಾನೆಟ್ಟಿಗೆ, ವಿಭೂತಿ ಪಟ್ಟೆ ಗಾಜಿಗೆ, ನಿಂಬೆಹಣ್ಣು ಟೈರಿಗೆ. ಒಂದು ವರ್ಷ ಕಾರಯ್ಯನ ತಾಯಿ ದುಂಡಮ್ಮ ನೆಲಕ್ಕೆ ಕೂತು ಕೆಳಗೆ ಇಣುಕಿ ನೋಡಿದಳು.

"ಭಾರ ಹೊರದು ಇದಲ್ವಲಾ? ಇದ್ಕೂವ ಒಂದು ಬೊಟ್ಟ ಮಡಗು," ಎಂದಳು.

"ಅಲ್ಲಿಗ್ಯಾರು ನುಗ್ಗಾರು ಸುಮ್ಕಿರವ್ವ," ಎಂದ ಮಗ.

ಅವಳೇ ಕೈ ಚಾಚಿ ನನ್ನ ಹಣೆಗೆ ಕುಂಕುಮ ಇಟ್ಟಳು. ಅಂದಿನಿಂದ ನಾನು ಅವಳ ಆಳು. ಮುಂದಿನ ಎಡಗಡೆ ಸೀಟು ದುಂಡಮ್ಮನದು. ಪ್ರತಿ ಅಮಾವಾಸ್ಯೆಗೆ ಮಾದಪ್ಪನ ಎಣ್ಣೆಮಜ್ಜನದ ಸೇವೆಗೆಂದು ಎಣ್ಣೆಗಿಂಡಿ ಹಿಡಿದು ಅಲ್ಲಿ ಕೂತರೆ, ನಾನು ಕುಲುಕದಂತೆ ನಡೆಯುತ್ತಿದ್ದೆ.

ಹೀಗಿರುವಾಗ ಕಾರಯ್ಯನ ದೊಡ್ಡಪ್ಪನ ಮಗ ರಾಚಪ್ಪ ಹೊಸ ಜೀಪು ತಂದ. ಜೀಪೇ ಅದು? ಅಟ್ಟ! ಉಬ್ಬಿದ ಟೈರು, ಎದ್ದು ನಿಂತ ಮೈ. ನಮ್ಮ ಹೊಟ್ಟೆ ತರಚುತ್ತಿದ್ದ ಬಂಡೆಯ ಮೇಲೆ ಅದು ಸೋಕದೆ ಹೋಗುತ್ತಿತ್ತು. ಬೆಟ್ಟಕ್ಕೆ ಬಂದ ಭಕ್ತರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಕಾರಯ್ಯನಿಗೆ ಅನ್ನ ಸೇರದಾಯಿತು. ಒಂದು ಮಧ್ಯಾಹ್ನ ರಾಚಪ್ಪ ಊಟಕ್ಕೆ ಹೋದಾಗ ಇವನು ಹೆಗಲ ಟವೆಲ್ಲು ತೆಗೆದು, ನೆಲದಿಂದ ಆ ಬಾನೆಟ್ಟಿನವರೆಗೆ ಹಿಡಿದು, ಸರಿಯಾದ ಎತ್ತರಕ್ಕೆ ಒಂದು ಗಂಟು ಹಾಕಿದ. ಕಳ್ಳನ ಹಾಗೆ ಆಚೆ ಈಚೆ ನೋಡಿ ಹೆಗಲಿಗೇರಿಸಿದ. ಕೆಳಗಿದ್ದ ನನಗೆ ಎಲ್ಲ ಕಾಣಿಸಿತು.

ಮರುದಿನವೇ ಕೊಳ್ಳೇಗಾಲದ ಗ್ಯಾರೇಜು. ಮೆಕ್ಯಾನಿಕ್ ಇನಾಯತ್ ವಯಸ್ಸಾದವನು, ಮಾತಿಗಿಂತ ಮೊದಲು ಗಾಡಿಯ ಕೆಳಗೆ ಮಲಗುವವನು. ಕಾರಯ್ಯ ಟವೆಲ್ಲು ಇಳಿಬಿಟ್ಟ.

"ಇದು ರಾಚಪ್ಪನ ಗಾಡಿ ಎತ್ರ ಇನಾಯತ್ತಣ್ಣ. ನಂದು ಇದ್ಕಿಂತ ನಾಕು ಬೆರ್ಳು ಮೇಲಿರ್ಬೇಕು."

"ಎತ್ರ ಆಮೇಲಾಗ್ಲಿ. ನಿನ್ ಗಾಡಿ ದಾರೀಲಿ ಎಲ್ಲಿ ತಗಲ್ತದ, ಅದ ಹೇಳು ಮೊದ್ಲು."

ಕಾರಯ್ಯ ಗಂಟನ್ನೇ ತೋರಿಸಿದ. ಇನಾಯತ್ ನಿಟ್ಟುಸಿರು ಬಿಟ್ಟು ಮೇಜಿನ ಮೇಲೆ ಎರಡು ಸಾಮಾನು ಇಟ್ಟ. ಒಂದು, ಅಂಗೈಯಗಲದ ಗಟ್ಟಿ ಕಪ್ಪು ಬಿಲ್ಲೆ. ಇನ್ನೊಂದು, ಗೋಣಿಯಿಂದ ಬಿಚ್ಚಿದ ಹೊಸ ಕಮಾನು, ದಪ್ಪಗೆ, ನನಗಿಂತ ಹೆಚ್ಚು ಬಾಗಿ, ಎಣ್ಣೆ ಹಚ್ಚಿಸಿಕೊಂಡು ಮಿರಮಿರ ಮಿಂಚುತ್ತಿತ್ತು.

"ಬಾಡಿಗೂ ಚಾಸಿಗೂ ಮಧ್ಯ ಈ ಬಿಲ್ಲೆ ಮಡಗುದ್ರ ಮೇಲಿನ ಮೈಯಷ್ಟೆ ಎದ್ದದು. ಹೊಟ್ಟ ಇದ್ದಲ್ಲೇ ಇರ್ತದ. ದೊಡ್ ಟೈರ್ಗ ಜಾಗ ಆಯ್ತದ, ನೋಡಕ ಎತ್ರ, ಅಷ್ಟೆಯ. ಕಮಾನು ಬದಲಾಯ್ಸುದ್ರ ಚಾಸಿನೇ ಏಳ್ತದ, ಕಲ್ಲು ತಗಲಲ್ಲ. ನಿಂಗ ಬೇಕಾದ್ದು ಇದು. ಎರಡೂ ಹಾಕುದ್ರ ತಲಭಾರ, ವಾರೆ ಬಂಡೇಲಿ ಬೀಳ್ತೀಯ."

ಆ ಹೊಸ ಕಮಾನನ್ನು ನೋಡಿ ನನ್ನ ಜೀವ ಹಾರಿತು. ಅದು ಬಂದರೆ ನಾನು ಹೋಗಬೇಕು. ಬಿಲ್ಲೆ ಹಾಕು ಕಾರಯ್ಯ, ಬರೀ ಬಿಲ್ಲೆ ಹಾಕು ಎಂದು ಮನಸ್ಸಿನಲ್ಲೇ ಜಪಿಸಿದೆ. ಜೀಪಿನ ಹೊಟ್ಟೆ ತರಚಿದರೂ ನನಗೆ ಪರವಾಗಿರಲಿಲ್ಲ, ನನ್ನ ಜಾಗ ನನಗೆ ಬೇಕಿತ್ತು. ಇನಾಯತ್ ಲೆಕ್ಕ ಹಾಕಿ, ಕಮಾನು ಒಂದನ್ನೇ ಹಾಕಿದರೆ ಗಂಟಿಗೆ ಎರಡು ಬೆರಳು ಕಡಿಮೆ ಎಂದ.

"ಹಂಗಾರ ಎರಡೂವ ಹಾಕು," ಎಂದುಬಿಟ್ಟ ಕಾರಯ್ಯ.

ನಾಲ್ಕೂ ಚಕ್ರದ ಕಮಾನುಗಳ ಬೋಲ್ಟು ಬಿಚ್ಚಿದರು. ನನ್ನ ಜಾಗಕ್ಕೆ ಆ ಮಿಂಚುವ ಹೊಸ ಕಮಾನು ಏರಿತು. ನಾನೂ ತಮ್ಮಂದಿರೂ ಅದೇ ಜೀಪಿನ ಹಿಂದೆ ಸಾಮಾನಿನಂತೆ ಬಿದ್ದುಕೊಂಡು ಊರಿಗೆ ಬಂದೆವು. ಅಷ್ಟು ಅವಮಾನ ನನಗೆ ಎಂದೂ ಆಗಿರಲಿಲ್ಲ. ನಮ್ಮನ್ನು ಮನೆಯ ಮುಂದಿನ ಗೋಡೆಗೆ ಒರಗಿಸಿದರು. ತಮ್ಮಂದಿರು ಒಬ್ಬೊಬ್ಬರೇ ಕಮ್ಮಾರನ ಮನೆ ಸೇರಿ ಮಚ್ಚು, ಕುಡುಗೋಲು ಆದರು. ನಾನು ಮಾತ್ರ ತುಕ್ಕು ಹಿಡಿಯುತ್ತಾ ದಿನಾ ಬೆಳಗ್ಗೆ ಆ ಜೀಪು ಹೊರಡುವುದನ್ನು ನೋಡಬೇಕಿತ್ತು. ಆ ಹೊಸ ಕಮಾನು ಒಮ್ಮೆ ಕಟ್ಟಾಗಲಿ ಎಂದು ಹಾರೈಸಿದೆನೇ? ಹೌದು, ಹಾರೈಸಿದೆ.

ಅದು ಕಟ್ಟಾಗಲಿಲ್ಲ. ಆದರೆ ವಾರೆ ಬಂಡೆಯಲ್ಲಿ ಜೀಪು ಒಂದು ಕಡೆಗೆ ವಾಲಿ, ಹೆದರಿದ ಹೆಂಗಸರು ಇಳಿದು ನಡೆದೇ ಹೋದರಂತೆ. ಇದು ನಾನು ಕಂಡದ್ದಲ್ಲ, ಅವರೇ ಜಗಲಿಯ ಮೇಲೆ ಕೂತು ಆಡಿಕೊಂಡದ್ದು.

ಅಮಾವಾಸ್ಯೆ ಬಂತು. ದುಂಡಮ್ಮ ಮಿಂದು, ಎಣ್ಣೆಗಿಂಡಿ ಹಿಡಿದು ಜೀಪಿನ ಬಳಿ ಬಂದಳು. ಕಾಲೆತ್ತಿದಳು, ಎಟುಕಲಿಲ್ಲ. ಗಿಂಡಿ ಕೆಳಗಿಟ್ಟು ಎರಡೂ ಕೈಯಲ್ಲಿ ಕಂಬಿ ಹಿಡಿದು ಮತ್ತೆ ಕಾಲೆತ್ತಿದಳು, ಆಗಲೂ ಎಟುಕಲಿಲ್ಲ. ಒಳಗಿದ್ದವರು ಕತ್ತು ಚಾಚಿ ನೋಡುತ್ತಿದ್ದರು.

"ಇನ್ನೊಸಿ ಎತ್ತವ್ವ, ನಾ ಹಿಂದ್ಲಿಂದ ನೂಕ್ತೀನಿ."

"ಬುಡಲಾ ಮಗ, ಮೊಣಕಾಲು ಬರ್ನಿಲ್ಲ."

ಅಷ್ಟರಲ್ಲಿ ರಾಚಪ್ಪನ ಜೀಪು ಬಂದು ನಿಂತಿತು. ಅವನು ಇಳಿದು, ಸೀಟಿನ ಕೆಳಗಿಂದ ಒಂದು ಮರದ ಸ್ಟೂಲು ತೆಗೆದು ನೆಲಕ್ಕಿಟ್ಟ.

"ಬಾ ಚಿಕ್ಕವ್ವ, ನಿಧಾನಕ್ಕ ಹತ್ತು."

ದುಂಡಮ್ಮ ಮಗನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಹತ್ತಿ ಕೂತಳು. ಆ ಜೀಪು ತಿರುವು ದಾಟುವವರೆಗೂ ಕಾರಯ್ಯ ನಿಂತೇ ಇದ್ದ. ಅವನ ತಾಯಿ ಅವನ ಕಣ್ಣೆದುರೇ ರಾಚಪ್ಪನ ಜೀಪಿನಲ್ಲಿ! ಹೊಟ್ಟೆಕಿಚ್ಚು ಎಂದರೇನೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಅಂದು ಅವನ ಮುಖ ನೋಡಿ ನನಗೇ ಅಯ್ಯೋ ಅನ್ನಿಸಿತು.

ಅವನು ಗೋಡೆಗೊರಗಿ ನನ್ನ ಪಕ್ಕದಲ್ಲೇ ಕೂತು ಟವೆಲ್ಲಿನ ಗಂಟು ಬಿಚ್ಚತೊಡಗಿದ. ಬೆವರಿಗೆ ಬಿಗಿದುಹೋಗಿತ್ತು. ಹಲ್ಲಿನಲ್ಲಿ ಕಚ್ಚಿ ಬಿಚ್ಚಿದ.

ಮರುದಿನ ಬೆಳಗ್ಗೆ ತಾಯಿಯನ್ನು ಅಂಗಳದಲ್ಲಿ ನಿಲ್ಲಿಸಿ, "ನಿನ್ ಕೈಲಿ ಆಗೋವಷ್ಟೇ ಕಾಲ ಎತ್ತವ್ವ," ಎಂದ. ಅವಳು ಗೋಡೆ ಹಿಡಿದು ಎತ್ತಿದಳು. ನೆಲದಿಂದ ಅವಳ ಪಾದದವರೆಗೆ ಟವೆಲ್ಲು ಹಿಡಿದು ಹೊಸ ಗಂಟು ಹಾಕಿದ. ಒಂದು ಗೇಣಿಗಿಂತ ಚೂರು ಮೇಲೆ, ಅಷ್ಟೇ. ನನ್ನನ್ನೂ ಎತ್ತಿ ಜೀಪಿಗೆ ಹಾಕಿಕೊಂಡ. ಮತ್ತೆ ನನ್ನ ಜಾಗಕ್ಕೇ ಏರಿಸುತ್ತಾನೆಂದು ದಾರಿಯುದ್ದಕ್ಕೂ ಹಿಗ್ಗಿದೆ.

ಇನಾಯತ್ ಗಂಟು ನೋಡಿ, "ಈಗ ಸರಿಯಾದ ಅಳತ ತಂದಿದ್ದೀಯ ನೋಡು," ಎಂದ. ಬಿಲ್ಲೆಗಳನ್ನು ತೆಗೆದು ಬಾಡಿಯನ್ನು ಇಳಿಸಿದ. ಆದರೆ ಆ ಹೊಸ ಕಮಾನನ್ನು ಮುಟ್ಟಲಿಲ್ಲ. ಕೆಲಸ ಚೆನ್ನಾಗಿ ಮಾಡುತ್ತಿದೆಯಂತೆ! ನನ್ನನ್ನು ಇದ್ದಿಲ ಬೆಂಕಿಗೆ ಹಾಕಿದ. ಮಧ್ಯದಲ್ಲಿ ಒಂದು ಕಾಲಿಡುವಷ್ಟು ಜಾಗ ಬಿಟ್ಟು ಎರಡೂ ಕಡೆ ಮೇಲಕ್ಕೆ ಬಗ್ಗಿಸಿದ. ನನ್ನ ಎರಡು ಕಿವಿಗೂ ಬೋಲ್ಟು ತೂರಿಸಿ, ಮುಂದಿನ ಎಡಬಾಗಿಲ ಕೆಳಗೆ, ಗಂಟಿನ ಎತ್ತರಕ್ಕೆ ಸರಿಯಾಗಿ, ಮೆಟ್ಟಿಲಾಗಿ ತೂಗುಹಾಕಿದ. ಬಂಡೆ ತಗಲಿದರೆ ಹಿಂದಕ್ಕೆ ತೂಗಿ ಮತ್ತೆ ನನ್ನ ಜಾಗಕ್ಕೆ ಬರುತ್ತೇನೆ. ಕಿವಿಯಿದ್ದದ್ದು ಸಾರ್ಥಕವಾಯಿತು.

ಮುಂದಿನ ಅಮಾವಾಸ್ಯೆಗೆ ದುಂಡಮ್ಮ ಬರಿಗಾಲನ್ನು ನನ್ನ ಮೇಲಿಟ್ಟಳು. ಹದಿನಾಲ್ಕು ಜನರನ್ನೂ ರಾಗಿ ಮೂಟೆಗಳನ್ನೂ ಹೊತ್ತವನು ನಾನು. ಅವಳ ಭಾರ ಎಷ್ಟು ಮಹಾ? ಆದರೂ ಅದು ಕೆಳಗಿಳಿಯಬಾರದು ಎನ್ನಿಸಿತು. ದೇವಸ್ಥಾನದ ಬಳಿ ಕಾರಯ್ಯ ರಾಚಪ್ಪನ ಕಡೆ ನೋಡಲೂ ಇಲ್ಲ. ನೋಡಿದವನು ರಾಚಪ್ಪ. ನಮ್ಮವರು ಟೀ ಕುಡಿಯಲು ಹೋದಾಗ ಅವನು ಬಂದು ಕುಕ್ಕರುಗಾಲಲ್ಲಿ ಕೂತು, ತನ್ನ ಟವೆಲ್ಲು ತೆಗೆದು ನನ್ನ ಎತ್ತರಕ್ಕೆ ಒಂದು ಗಂಟು ಹಾಕಿಕೊಂಡು ಹೋದ.

ಈಗ ದುಂಡಮ್ಮ ಇಲ್ಲ. ಕಾರಯ್ಯನಿಗೂ ಮೊಣಕಾಲು ನೋವು ಶುರುವಾಗಿದೆ. ಅವನು ಸ್ಟಿಯರಿಂಗಿನ ಕಡೆಯಿಂದ ಹತ್ತುವುದಿಲ್ಲ, ಎಡಗಡೆಗೆ ಸುತ್ತಿಬಂದು ನನ್ನ ಮೇಲೆ ಕಾಲಿಟ್ಟು, ತಾಯಿಯ ಸೀಟಿನ ಮೇಲಿಂದ ಆಚೆಗೆ ಸರಿಯುತ್ತಾನೆ. ನನ್ನ ನಡು ಸವೆದು ನುಣ್ಣಗಾಗಿದೆ. ದೊಡ್ಡ ಬಂಡೆ ಹತ್ತುವಾಗ ಹಿಂದೆ ಆ ಕಮಾನು ನರಳುವುದು ಕೇಳಿಸುತ್ತದೆ. ಆಗೆಲ್ಲ ನನ್ನ ಮೈ ಬಗ್ಗಿ ಏಳಲು ತವಕಿಸುತ್ತದೆ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚು ಆರಿಲ್ಲ.

ಆಯುಧಪೂಜೆಯ ದಿನ ಈಗ ಕಾರಯ್ಯನೇ ನೆಲಕ್ಕೆ ಕೂತು ಕುಂಕುಮ ಇಡುತ್ತಾನೆ, ನನಗೊಂದು ಬೊಟ್ಟು, ಕೈ ಚಾಚಿ ಆ ಕಮಾನಿಗೊಂದು. ನನ್ನದು ದೊಡ್ಡದು. ಪ್ರತಿ ವರ್ಷವೂ ನೋಡಿಕೊಳ್ಳುತ್ತೇನೆ.