ಹತ್ತಿ ಮುಚ್ಚಿದ ಶೀಶೆಗಳು

ಆ ಬೆಚ್ಚನೆಯ ಕೋಣೆಯಲ್ಲಿ ಮೂವತ್ತಾರು ಗಾಜಿನ ಶೀಶೆಗಳು ಅಲುಗಾಡಿಸುವ ಯಂತ್ರದ ಮೇಲೆ ಒಂದೇ ಸಮನೆ ಅಲ್ಲಾಡುತ್ತಿದ್ದವು, ಯಾರೂ ಕೇಳದ ಪ್ರಶ್ನೆಗೆ ಇಲ್ಲ ಇಲ್ಲ ಎನ್ನುವಂತೆ. ಬಾಯಿಗೆ ಹತ್ತಿ, ಒಳಗೆ ಸಕ್ಕರೆ ನೀರು, ಅದರಲ್ಲಿ ಸೀತಾಫಲದ ತಿರುಳಿನಿಂದ ಬೆಳೆಸಿದ ಜೀವಕೋಶಗಳು. ಗಿಡವಿಲ್ಲದೆಯೂ ಇವು ಹಣ್ಣು ಮಾಗಿಸುವ ಅನಿಲವನ್ನು ತಾವೇ ಹುಟ್ಟಿಸುತ್ತವೆಂದು ಅಲ್ಲಿಯ ಸಂಶೋಧಕಿ ಸುಲೋಚನಾ ತೋರಿಸಬೇಕಿತ್ತು. ತೋರಿಸದಿದ್ದರೆ ಅವಳ ಕೆಲಸ ಹೋಗುತ್ತಿತ್ತು. ನಾನು ಆ ಪ್ರಯೋಗಶಾಲೆಯ ಯಂತ್ರ ನೋಡಿಕೊಳ್ಳುವವನು. ಅಲ್ಲಿಯ ಹಲ್ಲಿಗಳೂ ನನ್ನ ಅಪ್ಪಣೆ ಕೇಳಿಯೇ ಬಾಲ ಉದುರಿಸುತ್ತಿದ್ದವು.

ನಾಲ್ಕು ವರ್ಷ ಅನಿಲ ಅಳೆಯುವ ಯಂತ್ರದ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಒಂದು ಸೋಮವಾರ ಏರಿತು. ಅವಳು ಪೇಡೆ ಹಂಚಿದಳು. ನಾನು ಎರಡು ತಿಂದೆ.

ಹಿಂದಿನ ವಾರವಷ್ಟೇ ನಾನು ಹಿತ್ತಲಿನ ಚಿಕ್ಕುಕಾಯಿಗಳನ್ನು ಹುಲ್ಲು ಹಾಕಿ, ಗೋಣಿಚೀಲದಲ್ಲಿ ಕಟ್ಟಿ, ಆ ಕೋಣೆಯ ಕಪಾಟಿನ ಹಿಂದೆ ಹಣ್ಣಾಗಲು ಇಟ್ಟಿದ್ದೆ. ರಜೆ ಹಾಕಿ ಚೀಲವನ್ನು ಮನೆಗೆ ಒಯ್ದೆ, ಮುಳ್ಳು ಬಿತ್ತು. ಹೊಸ ಚೀಲದೊಂದಿಗೆ ಮರಳಿದೆ, ಎದ್ದಿತು. ಮಾಗುವ ಹಣ್ಣು ಬಿಡುವ ಅನಿಲ ಹತ್ತಿಯೊಳಗಿಂದ ಶೀಶೆಗೆ ಇಳಿಯುತ್ತಿತ್ತು. ಇಷ್ಟು ತಿಳಿಯಲು ಪದವಿ ಬೇಕಿಲ್ಲ. ಅವಳಿಗೆ ಪದವಿ ಇತ್ತು, ಹಾಗಾಗಿ ಬೇರೆಯೇ ತೀರ್ಮಾನಕ್ಕೆ ಬಂದಳು.

“ನೀವು ಇದ್ರನ ನನ್ನ ಕೋಶಗೋಳು ಗೆಲುವಾಗಿರ್ತಾವ್ರೀ ಕಾಕಾ. ಪರೀಕ್ಷೆ ಮಾಡವ್ರು ಬರೋ ದಿನ ಎಲ್ಲೂ ಹೋಗಬ್ಯಾಡ್ರಿ.”

“ಇಲ್ಲೇ ಕುಂತಿರ್ತೇನವಾ,” ಎಂದೆ.

ಪರೀಕ್ಷೆಗೆ ಬರುವ ಅತಿಥಿಗಳಿಗೆ ಹಣ್ಣು ಇಡಬೇಕೆಂದು ಕಚೇರಿಯವರು ಹೇಳಿದ್ದರು. ಹಿಂದಿನ ದಿನವೇ ಚೀಲ ಹೊರಗೆ ತೆಗೆದು, ವಾಸನೆ ಹೋಗಲೆಂದು ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಮೂವರು ಹಿರಿಯರು ಬಂದು ಚಿಕ್ಕು ತಿಂದರು. ಎಲ್ಲರಿಗಿಂತ ಹಿರಿಯರಾದವರು ಬೆರಳು ನೆಕ್ಕುತ್ತ, ಎಂಥ ಹದಕ್ಕೆ ಹಣ್ಣಾಗಿವೆ ಎಂದು ಕೊಂಡಾಡಿದರು.

ಸುಲೋಚನಾ ಒಂದೊಂದೇ ಶೀಶೆಯಿಂದ ಸೂಜಿಯಲ್ಲಿ ಗಾಳಿ ಎಳೆದು ಯಂತ್ರಕ್ಕೆ ಕೊಟ್ಟಳು. ಸೊನ್ನೆ. ಪ್ರತಿ ಸಲವೂ ನನ್ನ ಕಡೆ ನೋಡಿದಳು. ಮಾತು ಕೊಟ್ಟಂತೆ ನಾನು ಸ್ಟೂಲಿನ ಮೇಲೇ ಇದ್ದೆ. ಶೀಶೆಗಳು ಇಲ್ಲ ಇಲ್ಲ ಎನ್ನುತ್ತಲೇ ಇದ್ದವು.

ಮೂವತ್ತಾರೂ ಮುಗಿದ ಮೇಲೆ ಹಿರಿಯರು ಬಾಯಿ ಒರೆಸಿಕೊಂಡರು. “ಹಿಂದಿನ ಅಂಕಿಗೋಳ್ನೆಲ್ಲ ಮನ್ಯಾಗ ಕುಂತು ಬರದಿದ್ದೇನವಾ?”

ಆಗಲಾದರೂ ಹೇಳಬಹುದಿತ್ತು. ಪ್ರಯೋಗಶಾಲೆಯಲ್ಲಿ ಮನೆಯ ಹಣ್ಣು ಮಾಗಲು ಇಡುವುದಕ್ಕೆ ನಿಷೇಧವಿತ್ತು. ನಾನು ತಟ್ಟೆ ಎತ್ತಿಕೊಂಡು ಹೊರಗೆ ಹೋದೆ.

ಸಂಜೆಯೇ ಅವಳನ್ನು ಕೆಲಸದಿಂದ ತೆಗೆದು ಕಳಿಸಿದರು. ಬಾಗಿಲಲ್ಲಿ ನಿಂತು, “ವಾರಕ್ಕೊಮ್ಮೆ ನೀರು ಬದಲಿ ಮಾಡ್ರಿ ಕಾಕಾ. ಅವು ಇನ್ನೂ ಜೀವಂತ ಅದಾವ,” ಎಂದಳು.

“ಆತವಾ,” ಎಂದೆ.

ಅವಳ ಹೆಜ್ಜೆಯ ಸಪ್ಪಳ ಮೆಟ್ಟಿಲು ಇಳಿಯುವವರೆಗೆ ಕಾದು, ಶೀಶೆಗಳಲ್ಲಿದ್ದುದನ್ನೆಲ್ಲ ತೊಳೆಯುವ ತೊಟ್ಟಿಗೆ ಸುರಿದೆ. ಕೋಶಗಳ ಬೆಳ್ಳಗಿನ ಸಣ್ಣ ಗಂಟುಗಳು ಜಾಲರಿಯಲ್ಲಿ ಸಿಕ್ಕಿಕೊಂಡವು. ನಲ್ಲಿ ತಿರುಗಿಸಿ, ಹೆಬ್ಬೆರಳಿನಿಂದ ಅವನ್ನು ಒಂದೊಂದಾಗಿ ಕೆಳಗೆ ಒತ್ತಿದೆ. ಮೆತ್ತಗಿದ್ದವು.