ಇಪ್ಪತ್ಮೂರನೇ ಕೈ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಹೆಸರು ಯೋಗಾನಂದ. ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವನು. ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದೇನೆ, ವಿಜ್ಞಾನ ಓದಿದವನಲ್ಲ. ಆದರೆ ತಪ್ಪು ನನ್ನದು, ಆದ್ದರಿಂದ ನಾನೇ ಹೇಳಬೇಕು.

ಚೈತ್ರಶ್ರೀ ಆಲೂರಿನ ಹುಡುಗಿ. ಸ್ನಾತಕೋತ್ತರ ಓದುತ್ತಾ ಊಟದ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ಮಾಡಿದ್ದಳು. ಅದರೊಳಗೆ ಬೆರಳಿಟ್ಟರೆ ಕೆಂಪು ಬೆಳಕು ಬೆರಳನ್ನು ಹಾದು ಹೋಗುತ್ತದೆ. ರಕ್ತ ಎಷ್ಟು ಬೆಳಕನ್ನು ಹೀರಿತು ಎಂದು ಲೆಕ್ಕ ಹಾಕಿ, ಸೂಜಿ ಚುಚ್ಚದೆಯೇ ರಕ್ತಹೀನತೆಯನ್ನು ಹೇಳುತ್ತದೆ. ಹೋದ ಜನವರಿಯ ಕೊಯ್ಲಿನಲ್ಲಿ, ನಮ್ಮ ಲೈನ್ ಮನೆಗಳಲ್ಲಿ, ಅಂದರೆ ಎಸ್ಟೇಟಿನ ಸಾಲುಮನೆಗಳಲ್ಲಿ, ಇರುವ ಆಳುಗಳನ್ನು ಪರೀಕ್ಷಿಸಲು ಬಂದಳು.

ಹೊರಗಿನ ಬೆಳಕು ಬೀಳಬಾರದೆಂದು ಕಾಫಿ ಸ್ಟೋರಿನ ಕಿಟಕಿಗಳಿಗೆ ಗೋಣಿಚೀಲ ಹೊಡೆದೆವು. ನಡುಹಗಲಲ್ಲೇ ಒಳಗೆ ಕತ್ತಲು. ಮಧ್ಯೆ ಒಂದು ಕಪ್ಪು ಪರದೆ, ಅದರಾಚೆ ಚೈತ್ರಶ್ರೀ. ಒಳಗೆ ಹೋದವರು ಪರದೆಯ ಸೀಳಿನಲ್ಲಿ ಕೈಯನ್ನಷ್ಟೇ ತೂರಿಸಿ, ಮೂರು ನಿಮಿಷ ಅಲುಗಾಡದೆ ಕೂತು, ಹಿಂಬಾಗಿಲಿನಿಂದ ಕಣಕ್ಕೆ ಹೋಗಬೇಕು. ನಾನು ಮುಂಬಾಗಿಲ ಹೊರಗೆ ಮೇಜು ಹಾಕಿಕೊಂಡು ಪಟ್ಟಿ ನೋಡಿ ನಂಬರ್ ಕೂಗುತ್ತಿದ್ದೆ.

ಸಾಲಿನಲ್ಲಿದ್ದ ರಾಜಲಕ್ಷ್ಮಮ್ಮ, “ರೈಟ್ರೇ, ಈ ದೇವೇಂದ್ರನ ಬೆರಳಿಗೆ ಲೈಟ್ ಬುಟ್ರೆ ರಕ್ತ ಎಲ್ ಕಾಣ್ತೈತೆ? ಬರೀ ಬ್ರಾಂದಿ ಕಾಣ್ತೈತೆ” ಅಂದಳು.

“ನಿನ್ ಬೆರಳಿಗೆ ಬುಟ್ರೆ ಚಾಡಿ ಕಾಣ್ತೈತೆ, ಸುಮ್ನಿರು ಮಾರಾಯ್ತಿ” ಅಂದ ದೇವೇಂದ್ರ. ಎಲ್ಲರೂ ನಕ್ಕರು. ನಾನು ಪಟ್ಟಿಯಿಂದ ತಲೆಯೆತ್ತಲಿಲ್ಲ. ಒಂದು ಗುರುತು ತಪ್ಪಿದರೂ ಹುಡುಗಿಯ ಓದು ಹಾಳಾಗುತ್ತದೆಂಬ ಹೆದರಿಕೆ ನನಗೆ.

ಜೂನ್‌ನಲ್ಲಿ ಅವಳ ಕೆಲಸಕ್ಕೆ ರಾಜ್ಯಮಟ್ಟದ ಯುವ ಸಂಶೋಧಕಿ ಪ್ರಶಸ್ತಿ ಬಂತು. ಒಂದು ವಾರದ ನಂತರ ಅವಳೇ ಬಸ್ಸಿಳಿದು ಬಂದಳು. ಮುಖ ಬಾಡಿತ್ತು.

“ಯೋಗಣ್ಣ, ಒಂದು ತೊಡಕಾಗಿದೆ. ನಲವತ್ತೊಂದು ಜನರ ದಾಖಲೆ ಕೊಟ್ಟಿದ್ದೀನಿ, ಪ್ರಶಸ್ತಿ ಸಮಿತಿಯವರು ಎಣಿಸಿದ್ರೆ ಹೆಬ್ಬೆಟ್ಟಿನ ಒಪ್ಪಿಗೆ ಪತ್ರ ನಲವತ್ತೇ ಇವೆಯಂತೆ. ಎಲ್ಲೋ ಒಂದು ಕಳೆದಿರ್ಬೇಕು. ಎಲ್ಲರೂ ನಿಮ್ಮೆದುರಿಗೇ ಬಂದಿದ್ರು ಅಂತ ಸಹಿ ಮಾಡಿದ್ರೆ ಸಾಕು. ಇಲ್ದಿದ್ರೆ ಪ್ರಶಸ್ತಿ ವಾಪಸ್.”

ಪೆನ್ನು ಕೈಗೆ ತೆಗೆದುಕೊಂಡೆ. ಅಭ್ಯಾಸಬಲದಿಂದ ಪಟ್ಟಿಯನ್ನು ಇನ್ನೊಮ್ಮೆ ಓದಿದೆ. ಇಪ್ಪತ್ಮೂರು, ಬೋರಯ್ಯ. ಅದರ ಮುಂದೆ ನನ್ನದೇ ಗುರುತು.

ನಮ್ಮ ಎಸ್ಟೇಟಿನಲ್ಲಿ ಒಂದು ರೂಢಿಯಿದೆ. ಆಳು ತೀರಿಕೊಂಡರೆ ಒಂದು ವರ್ಷ ಅವರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಹೊಡೆಯುವುದಿಲ್ಲ, ನಂಬರನ್ನು ಬೇರೆಯವರಿಗೆ ಕೊಡುವುದೂ ಇಲ್ಲ. ಕೂಗುವಾಗ ಬಿಟ್ಟು ಮುಂದಕ್ಕೆ ಹೋಗುತ್ತೇವೆ. ಬೋರಯ್ಯ ಸತ್ತದ್ದು ದೀಪಾವಳಿಯ ಹಿಂದೆಮುಂದೆ, ಮರಗಸಿಗೆ, ಅಂದರೆ ನೆರಳುಮರದ ಕೊಂಬೆ ಸವರಲು, ಹತ್ತಿ ಬಿದ್ದು. ಚೈತ್ರಶ್ರೀಗೆಂದು ಪುಸ್ತಕ ನೋಡಿ ಪಟ್ಟಿ ನಕಲು ಮಾಡುವಾಗ ನಾನು ಆ ಹೆಸರನ್ನೂ ಇಳಿಸಿಕೊಂಡಿದ್ದೆ. ಅಂದು ಆ ನಂಬರನ್ನೂ ಕೂಗಿದ್ದೆ. ಯಾರೋ ಮೇಜಿನ ಪಕ್ಕದಲ್ಲಿ ಹಾದು ಹೋದ ಹಾಗಾಯಿತು, ಗುರುತು ಹಾಕಿದೆ.

ಇದನ್ನು ಹೇಳಿದೆ. ಅವಳು ಪಟ್ಟಿಯನ್ನು ತನ್ನ ಕಡೆ ತಿರುಗಿಸಿಕೊಂಡು ಆ ಸಾಲನ್ನು ಓದಿದಳು. ಆಮೇಲೆ ಲ್ಯಾಪ್‌ಟಾಪ್ ತೆರೆದಳು.

“ಇಪ್ಪತ್ಮೂರೇ ನನ್ನ ಎಲ್ಲಕ್ಕಿಂತ ಒಳ್ಳೆ ದಾಖಲೆ ಯೋಗಣ್ಣ. ಪ್ರಬಂಧದ ಮೊದಲ ಚಿತ್ರಾನೇ ಅದು.”

ಬೇರೆಯವರ ಗೆರೆಗಳನ್ನು ಮೊದಲು ತೋರಿಸಿದಳು. ನಾಡಿ ಬಡಿದಂತೆಲ್ಲ ಗೆರೆ ಏಳುತ್ತಿತ್ತು. ಅದರ ಜೊತೆ ಇಡೀ ಗೆರೆಯೇ ನಿಧಾನವಾಗಿ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅದು ಉಸಿರಾಟವಂತೆ. ಎದೆ ಏರಿಳಿದರೆ ಬೆರಳ ತುದಿಯ ರಕ್ತವೂ ಏರಿಳಿಯುತ್ತದಂತೆ. ಆಮೇಲೆ ಇಪ್ಪತ್ಮೂರನ್ನು ತೆರೆದಳು. ನಾಡಿ ಸ್ಪಷ್ಟವಾಗಿತ್ತು, ಒಂದೇ ಸಮನೆ. ಕೆಳಗಿನ ಗೆರೆ ಮಾತ್ರ ಮೊದಲಿಂದ ಕೊನೆತನಕ ನೇರ.

“ಉಸಿರು ಬಿಗಿಹಿಡಿದಿರ್ಬೇಕು ಅಂದ್ಕೊಂಡಿದ್ದೆ. ಪೂರಾ ಮೂರು ನಿಮಿಷ ಇದೆ” ಅಂದಳು. “ಕೈ ತಣ್ಣಗಿತ್ತು. ಜನವರಿ ಅಲ್ವಾ, ಎಲ್ಲರದ್ದೂ ತಣ್ಣಗೇ ಇತ್ತು.”

ಯಾರೋ ತಮಾಷೆಗೆ ಎರಡು ಸಲ ಹೋಗಿರಬೇಕೆಂದು ಮಾರನೆಯ ದಿನ ನಲವತ್ತೂ ಜನರನ್ನು ಮತ್ತೆ ಕೂರಿಸಿದೆವು. ಈ ಸಲ ಪರದೆಯಿಲ್ಲ, ನಾನು ಮುಖ ನೋಡಿಯೇ ಕರೆದೆ. ಎರಡು ಸಲ ಹೋದೆನೆಂದು ಯಾರೂ ಒಪ್ಪಿಕೊಳ್ಳಲಿಲ್ಲ. ದೇವೇಂದ್ರ ಉಸಿರು ಕಟ್ಟಲು ಹೋಗಿ ಒಂದು ನಿಮಿಷಕ್ಕೇ ಕೆಮ್ಮಿಬಿಟ್ಟ. ಜನವರಿಯಲ್ಲಿ ಅಂದು ಕಣದಲ್ಲಿ ಕಾಫಿ ಹರಡುತ್ತಿದ್ದ ವಸಂತ, ಹಿಂಬಾಗಿಲಿನಿಂದ ಬಂದವರೆಲ್ಲ ತನ್ನ ಕೈಯಿಂದ ಬಾಳೆಹಣ್ಣು ಇಸಕೊಂಡೇ ಹೋದರೆಂದೂ, ಕೊಟ್ಟದ್ದು ನಲವತ್ತೇ ಎಂದೂ ಹೇಳಿದ.

ಉಳಿದವಳು ರಾಜಲಕ್ಷ್ಮಮ್ಮ. ಬೋರಯ್ಯನ ಹೆಂಡತಿ. ಗಂಡ ಹೆಂಡತಿ ಒಂದೇ ದಿನ ಕೆಲಸಕ್ಕೆ ಸೇರಿದ್ದರಿಂದ ಅವಳದು ಇಪ್ಪತ್ನಾಲ್ಕು. ಅಂದು ಅವಳಿಗಿಂತ ಮುಂಚೆ ಯಾರಾದರೂ ಒಳಗೆ ಹೋದರೇ ಎಂದು ಕೇಳಬೇಕಿತ್ತು. ಚೈತ್ರಶ್ರೀಯೇ ಕೇಳಿದಳು.

“ಹೂಂ ಕಣವ್ವ, ನನ್ ಮುಂದೆ ಒಬ್ರು ಹೋದ್ರು. ಬೆನ್ನು ನೋಡ್ದೆ.”

“ಯಾರು ಅಂತ ಕೇಳ್ಲಿಲ್ವಾ ಅಮ್ಮ?”

“ಕೇಳಿದ್ರೆ ತಿರುಗಿ ನೋಡೋರಲ್ಲ” ಅಂದಳು. ಸೆರಗು ಸರಿಮಾಡಿಕೊಂಡು ತೋಟಕ್ಕೆ ಹೊರಟುಹೋದಳು.

ಚೈತ್ರಶ್ರೀ ಸ್ಟೋರಿನ ಮೆಟ್ಟಿಲ ಮೇಲೆ ಕೂತಳು. “ಸಹಿ ಮಾಡ್ಬೇಡಿ ಯೋಗಣ್ಣ. ಆಗಿದ್ದನ್ನೇ ಬರೀರಿ. ಹೋದ್ರೆ ಹೋಗ್ಲಿ.” ಅದು ಅವಳ ಎರಡು ವರ್ಷದ ದುಡಿಮೆ.

ನಾನು ಬರೆದುಕೊಟ್ಟದ್ದು ಇಷ್ಟು: ನಲವತ್ತು ಜನ ಹಾಜರಿದ್ದರು. ಇಪ್ಪತ್ಮೂರನೆಯ ನಂಬರ್ ತೀರಿಕೊಂಡವರದು. ತಪ್ಪಿ ಕೂಗಿದೆ. ಯಾರು ಹೋದರೆಂದು ನೋಡಲಿಲ್ಲ.

ಅವಳು ಆ ದಾಖಲೆಯನ್ನು ಕೈಬಿಟ್ಟು ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿ ಕಳಿಸಿದಳು. ಫಲಿತಾಂಶ ಕೊಂಚ ಇಳಿಯಿತು, ಆದರೆ ನಿಂತಿತು. ಪ್ರಶಸ್ತಿಯೂ ಉಳಿಯಿತು. ಪ್ರಬಂಧದ ಮೊದಲ ಚಿತ್ರದಲ್ಲಿ ಈಗ ದೇವೇಂದ್ರನ ಗೆರೆಯಿದೆ, ಉಸಿರಿನ ಏರಿಳಿತದ ಸಮೇತ.

ಯಂತ್ರವೇ ತಪ್ಪಿರಬಹುದು. ದಾರಿಹೋಕರು ಯಾರಾದರೂ ಹೊಕ್ಕಿರಬಹುದು, ರಾಜಲಕ್ಷ್ಮಮ್ಮನಿಗೆ ಹಾಗೆ ಕಂಡಿರಬಹುದು. ನಾನು ತಲೆಯೆತ್ತಿ ನೋಡಿದ್ದರೆ ಹೇಳಬಹುದಿತ್ತು. ನೋಡಲಿಲ್ಲ. ಅದು ಯಾರ ಕೈ ಎಂದು ನನಗೆ ಗೊತ್ತಿಲ್ಲ.